ಗಂಟು ಸಣ್ಣದಿದ್ದಾಗಲೇ ತೋರಿಸಿ

“ಮಗಳ ಶಾದಿ ಒಂದು ಮುಗೀಲಿ ಆಪಾ, ಆಮ್ಯಾಲ ತೋರಸ್ತೀನಿ.”

ಖಾನಾಪುರದ ನನ್ನ ದವಾಖಾನೆಗೆ ಮೊಣಕಾಲು ನೋವಿಗೆಂದು ಬಂದಿದ್ದ ಸಹೋದರಿಯೊಬ್ಬರು ಹೊರಡುವಾಗ ಬಾಗಿಲ ಬಳಿ ನಿಂತು ಹೇಳಿದ ಮಾತಿದು. ವಯಸ್ಸು 46. ಗುಸ್ಲ್ ಮಾಡುವಾಗ ಎಡ ಸ್ತನದಲ್ಲಿ ಹುಣಸೆಬೀಜದಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತ್ತು. ನೋವಿರಲಿಲ್ಲ. ಮೂರು ಮಕ್ಕಳಿಗೂ ಎರಡೆರಡು ವರ್ಷ ಹಾಲುಣಿಸಿದ್ದೇನೆ, ನನಗೇಕೆ ಬಂದೀತು ಎಂಬ ಧೈರ್ಯ ಒಂದು ಕಡೆ. ಸುದ್ದಿ ಹೊರಬಿದ್ದರೆ ಮಗಳ ಸಂಬಂಧ ಮುರಿದೀತು ಎಂಬ ಭಯ ಇನ್ನೊಂದು ಕಡೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ.

ನಾನು ಅವರನ್ನು ಮತ್ತೆ ಒಳಗೆ ಕರೆದು ಕೂರಿಸಿದೆ. ಅದಕ್ಕೆ ಕಾರಣವಿದೆ. ವೃತ್ತಿಯ ಆರಂಭದಲ್ಲಿ ಇಂಥದೇ ಗಂಟಿಗೆ ಊತವೆಂದು ಭಾವಿಸಿ ಒಬ್ಬ ತಾಯಿಗೆ ಮರ್ಹಮ್ ಕೊಟ್ಟು ಎರಡು ತಿಂಗಳು ಕಾದಿದ್ದೆ. ಕೊನೆಗೆ ದೊಡ್ಡಾಸ್ಪತ್ರೆಗೆ ಕಳುಹಿಸಿದಾಗ ರೋಗ ಕಂಕುಳಿಗೆ ಹರಡಿತ್ತು. ಆ ಎರಡು ತಿಂಗಳ ಹೊಣೆ ನನ್ನದೇ. ಅಂದಿನಿಂದ ಸ್ತನದ ಗಂಟಿಗೆ ನಾನು ಪರೀಕ್ಷೆಗೆ ಮೊದಲು ಔಷಧ ಕೊಡುವುದಿಲ್ಲ.

ಮೂರು ಪರೀಕ್ಷೆಗಳು

ಮೊದಲಿಗೆ ಧೈರ್ಯದ ಮಾತು: ಸ್ತನದ ಬಹುಪಾಲು ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಕೈಯಿಂದ ಮುಟ್ಟಿ ಯಾರೂ ಖಚಿತವಾಗಿ ಹೇಳಲಾರರು. ಕ್ಯಾನ್ಸರ್ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿರುವುದೇ ನಮ್ಮ ದೊಡ್ಡ ತಪ್ಪು. ಹಾಲುಣಿಸುವುದರಿಂದ ಅಪಾಯ ಕಡಿಮೆಯಾಗುತ್ತದೆ ನಿಜ, ಇಲ್ಲವಾಗುವುದಿಲ್ಲ.

ತಜ್ಞರು ಮೊದಲು ಕೈಯಿಂದ ಪರೀಕ್ಷಿಸುತ್ತಾರೆ. ಬಳಿಕ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಜೊತೆಗೆ ಬೇಕಾದರೆ ಅಲ್ಟ್ರಾಸೌಂಡ್. ಮೂರನೆಯದು ಬಯಾಪ್ಸಿ: ಸೂಜಿಯಿಂದ ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. “ಸೂಜಿ ಚುಚ್ಚಿದರೆ ರೋಗ ಹರಡುತ್ತದೆ” ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಈ ಭಯದಿಂದ ಪರೀಕ್ಷೆ ತಪ್ಪಿಸಬೇಡಿ. ಯಾವ ಚಿಕಿತ್ಸೆ ಬೇಕೆಂದು ನಿರ್ಧಾರವಾಗುವುದೇ ಬಯಾಪ್ಸಿಯ ವರದಿಯಿಂದ.

ನಮ್ಮ ಸಹೋದರಿ ಪತಿಯೊಂದಿಗೆ ಬೆಳಗಾವಿಗೆ ಹೋದರು. ಗಂಟು 2 ಸೆಂಟಿಮೀಟರ್‌ಗಿಂತ ಚಿಕ್ಕದು, ಆದರೆ ಕ್ಯಾನ್ಸರ್. ಮೊದಲ ಹಂತ.

ಇಡೀ ಸ್ತನ ತೆಗೆಯಲೇಬೇಕೇ?

ಇಲ್ಲ. ಹಿಂದೆ ಇಡೀ ಸ್ತನವನ್ನೂ ಅದರಡಿಯ ಸ್ನಾಯುವನ್ನೂ ತೆಗೆಯುತ್ತಿದ್ದರು. ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಉಂಬರ್ಟೊ ವೆರೊನೇಸಿ ಮಹಿಳೆಯರನ್ನು 20 ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರಂಭದ ಹಂತದಲ್ಲಿ ಗಂಟನ್ನು ಸುತ್ತಲಿನ ಸ್ವಲ್ಪ ಅಂಗಾಂಶದೊಂದಿಗೆ ತೆಗೆದು ವಿಕಿರಣ ಕೊಟ್ಟವರೂ ಇಡೀ ಸ್ತನ ತೆಗೆಸಿಕೊಂಡವರಷ್ಟೇ ಬದುಕಿದ್ದರು. ಗಂಟು ದೊಡ್ಡದಿದ್ದರೆ, ಒಂದಕ್ಕಿಂತ ಹೆಚ್ಚು ಕಡೆ ಇದ್ದರೆ ಪೂರ್ತಿ ತೆಗೆಯಬೇಕಾಗಬಹುದು.

ನಮ್ಮ ಸಹೋದರಿಗೆ ಗಂಟನ್ನಷ್ಟೇ ತೆಗೆದರು. ಕಂಕುಳಿನ ಕೆಲವು ಗ್ರಂಥಿಗಳನ್ನು ಪರೀಕ್ಷಿಸಿದಾಗ ರೋಗವಿರಲಿಲ್ಲ. ಬೆಳಗಾವಿಯ ತಂಗಿಯ ಮನೆಯಲ್ಲಿದ್ದು ಮೂರು ವಾರ ವಿಕಿರಣ ಪಡೆದರು. ಗಂಟು ಹಾರ್ಮೋನಿಗೆ ಸ್ಪಂದಿಸುವ ಬಗೆಯದಾದ್ದರಿಂದ ಐದು ವರ್ಷ ದಿನಕ್ಕೊಂದು ಮಾತ್ರೆ. ಕೀಮೋ ಬೇಕಾಗಲಿಲ್ಲ. ಎಲ್ಲರಿಗೂ ಹೀಗೆಯೇ ಆಗುವುದಿಲ್ಲ. ಬೇಗ ಬಂದವರಿಗೆ ಹೀಗಾಗುವ ಸಾಧ್ಯತೆ ಹೆಚ್ಚು.

ಪರ್ದಾ, ನಮಾಝ್, ರೋಝಾ

ಮಹಿಳಾ ವೈದ್ಯರೇ ಬೇಕೆಂದು ಕೇಳಿ, ಸಂಕೋಚ ಬೇಡ. ಸಿಗದಿದ್ದರೆ ಪತಿ ಅಥವಾ ತಾಯಿಯ ಎದುರಿನಲ್ಲಿ ಪುರುಷ ವೈದ್ಯರಿಗೆ ತೋರಿಸಲು ಅನಿವಾರ್ಯ ಸಂದರ್ಭದಲ್ಲಿ ಶರೀಅತ್ ಅವಕಾಶ ಕೊಟ್ಟಿದೆ. ಕೈ ಎತ್ತಲಾಗದಿದ್ದರೆ ನಮಾಝನ್ನು ಆದಷ್ಟರ ಮಟ್ಟಿಗೆ ಮಾಡಿದರೆ ಸಾಕು. ಗಾಯಕ್ಕೆ ನೀರು ತಾಗಬಾರದಿದ್ದರೆ ಏನು ಮಾಡಬೇಕೆಂದು ಆಲಿಮರನ್ನು ಕೇಳಿ. ಚಿಕಿತ್ಸೆಯ ನಡುವೆ ರಮಝಾನ್ ಬಂದರೆ ರೋಗಿಗೆ ರೋಝಾದಿಂದ ರಿಯಾಯಿತಿ ಇದೆ.

ಯುನಾನಿಯ ಪಾತ್ರ

ನಮ್ಮ ಗ್ರಂಥಗಳಲ್ಲಿ ಇದನ್ನು ಸರತಾನ್, ಅಂದರೆ ಏಡಿ ಎನ್ನುತ್ತಾರೆ. ಸಾವಿರ ವರ್ಷದ ಹಿಂದೆ ಕಾರ್ಡೊಬಾದ ಅಝ್ಝಹ್ರಾವಿಯವರು ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ, ಸ್ತನದ ಸರತಾನ್ ಸಣ್ಣದಿದ್ದಾಗಲೇ ಪೂರ್ತಿ ತೆಗೆಯಬೇಕು, ಹಳೆಯದಾಗಿ ಬೆಳೆದ ಮೇಲೆ ಕೈಹಾಕಬಾರದು ಎಂಬ ಅರ್ಥದಲ್ಲಿ ಬರೆದಿದ್ದಾರೆ. ಯುನಾನಿ ಓದಿದ ನಾನು ಅವರ ಮಾತನ್ನೇ ಹೇಳುತ್ತಿದ್ದೇನೆ. ನಿದ್ದೆ, ಹಸಿವು, ಮಲಬದ್ಧತೆಗೆ ನಾವು ನೆರವಾಗಬಲ್ಲೆವು, ಅದೂ ಕ್ಯಾನ್ಸರ್ ವೈದ್ಯರಿಗೆ ತಿಳಿಸಿಯೇ. ಗಂಟಿನ ಮೇಲೆ ಅಥವಾ ಶಸ್ತ್ರಚಿಕಿತ್ಸೆಯಾದ ಬದಿಯ ಕೈಗೆ ಹಿಜಾಮಾ, ಜೋರಾದ ಮಾಲೀಶು ಮಾಡಿಸಬೇಡಿ. ಆ ಕೈ ಊದಿದರೆ ತಕ್ಷಣ ವೈದ್ಯರಿಗೆ ತೋರಿಸಿ.

ನೀವು ಮಾಡಬೇಕಾದ್ದು

2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ತೀರಿಕೊಂಡರು. ತಡವಾಗಿ ಬರುವುದು ಇದಕ್ಕೆ ದೊಡ್ಡ ಕಾರಣ.

• ತಿಂಗಳಿಗೊಮ್ಮೆ, ಮುಟ್ಟು ನಿಂತ ಕೆಲವು ದಿನಗಳ ನಂತರ, ಬೆರಳುಗಳನ್ನು ಚಪ್ಪಟೆಯಾಗಿ ಹಿಡಿದು ಸ್ತನ ಮತ್ತು ಕಂಕುಳನ್ನು ಮುಟ್ಟಿ ನೋಡಿ.
• ಹೊಸ ಗಂಟು, ಚರ್ಮ ಕುಳಿ ಬೀಳುವುದು, ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ: ಇವುಗಳಲ್ಲಿ ಒಂದು ಕಂಡರೂ ಅದೇ ವಾರ ತೋರಿಸಿ.
• 30 ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ಪರೀಕ್ಷೆ ಕೇಳಿ. 40 ದಾಟಿದವರು, ತಾಯಿ ಅಥವಾ ಅಕ್ಕತಂಗಿಯರಿಗೆ ಈ ರೋಗ ಬಂದಿದ್ದವರು ಮ್ಯಾಮೊಗ್ರಾಮ್ ಬಗ್ಗೆ ವಿಚಾರಿಸಿ.

ಖರ್ಚಿನ ಚಿಂತೆಯಿಂದ ತಡಮಾಡಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ತಾಲೂಕು ಆಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ಮೊದಲೇ ಕೇಳಿಕೊಳ್ಳಿ. ಬೆಳಗಾವಿಯಲ್ಲಿ ಜಿಲ್ಲಾಸ್ಪತ್ರೆ ಇದೆ. ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದ್ದೇ ಇದೆ.

ಮನೆಯ ಗಂಡಸರಿಗೂ ಒಂದು ಮಾತು. ಹೆಂಗಸರು ತಮ್ಮ ನೋವನ್ನು ಕೊನೆಗೆ ಹೇಳುತ್ತಾರೆ. ನೀವೇ ಕೇಳಿ, ಜೊತೆಗೆ ಹೋಗಿ.

ಆ ಸಹೋದರಿಯ ಪತಿ ಬೀಗರ ಮನೆಗೆ ಹೋಗಿ ವಿಷಯವನ್ನು ನೇರವಾಗಿ ತಿಳಿಸಿದರು. ಬೀಗರು ಸಂಬಂಧ ಮುರಿಯಲಿಲ್ಲ, ನಿಕಾಹ್‌ನ ದಿನವನ್ನು ಮುಂದೆ ಹಾಕಿದರು. ಅಲ್ಹಮ್ದುಲಿಲ್ಲಾಹ್, ತಾಯಿ ತಾನೇ ನಿಂತು ಮಗಳನ್ನು ಕಳುಹಿಸಿಕೊಟ್ಟರು. ಈಗ ತಪಾಸಣೆಗೆ ತಪ್ಪದೆ ಹೋಗುತ್ತಾರೆ.