ಮನೆಯ ನಾದ ವೇದಿಕೆಯಲ್ಲಿ ಕೆಡುವುದೇಕೆ?

ಕೋಣೆಯಲ್ಲಿ ಗಿಟಾರ್ ಅಭ್ಯಾಸ ಮಾಡುವ ವಿದ್ಯಾರ್ಥಿ ಆಂಪ್ಲಿಫೈಯರಿನ ಬಾಸ್, ಮಿಡ್ಲ್, ಟ್ರೆಬಲ್ ಗುಂಡಿಗಳನ್ನು ತಿರುಗಿಸಿ ತನಗೊಪ್ಪುವ ನಾದ ಹೊಂದಿಸಿಕೊಳ್ಳುತ್ತಾನೆ. ಗುಂಡಿಗಳನ್ನು ಹಾಗೆಯೇ ಬಿಟ್ಟು, ಕಾಲೇಜು ವೇದಿಕೆಯಲ್ಲಿ ವಾಲ್ಯೂಮ್ ಏರಿಸಿ ನುಡಿಸಿದರೆ ಬರೀ ಗುಂಯ್ ಎಂಬ ಸದ್ದು! ತಿಂಗಳುಗಳ ಸಾಧನೆ ಕೇಳುಗರಿಗೆ ತಲುಪುವುದೇ ಇಲ್ಲ. ಇದು ಆಂಪ್ಲಿಫೈಯರಿನ ದೋಷವಲ್ಲ, ನಮ್ಮ ಕಿವಿಯ ಗುಣ.

ಸದ್ದು ಕಡಿಮೆಯಿದ್ದಾಗ ಕಿವಿ ತಗ್ಗಿನ ಸ್ವರಗಳನ್ನು ಸರಿಯಾಗಿ ಗ್ರಹಿಸುವುದಿಲ್ಲ. ಸದ್ದು ಹೆಚ್ಚಿದಂತೆ ಈ ಕೊರತೆ ಕುಗ್ಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಮನೆಯಲ್ಲಿ ಅದು ಕ್ಷೀಣವೆನಿಸಿ ಏರಿಸಿದ ಬಾಸ್, ವೇದಿಕೆಯಲ್ಲಿ ಅತಿಯಾಗುತ್ತದೆ. ಡ್ರಮ್ಮಿನ ಸದ್ದೂ ಅದರೊಡನೆ ಸೇರಿದರೆ ಸ್ವರಗಳು ಮುಳುಗಿಹೋಗುತ್ತವೆ.

ಪರಿಹಾರ ಸುಲಭ. ಮೂರೂ ಗುಂಡಿಗಳನ್ನು ನಡುವಿಗೆ ತಂದು, ಮೊದಲು ಸಭಾಂಗಣಕ್ಕೆ ಬೇಕಾದಷ್ಟು ವಾಲ್ಯೂಮ್ ಇಡಬೇಕು. ಆಮೇಲೆ ಬಾಸ್ ತಗ್ಗಿಸಿ, ಮಿಡ್ಲ್ ತುಸು ಏರಿಸಿ ನೋಡಬೇಕು. ಪ್ರಯೋಗಶಾಲೆಯಲ್ಲಿರುವಂತೆ ಇಲ್ಲಿಯೂ ಒಂದು ಸಲಕ್ಕೆ ಒಂದೇ ಬದಲಾವಣೆ. ಗೆಳೆಯನೊಬ್ಬ ಕೇಳುಗರ ಜಾಗದಲ್ಲಿ ನಿಂತು ಆಲಿಸಲಿ.

ಮನೆಯಲ್ಲಿ 'ಸದ್ದು ಕಡಿಮೆ ಮಾಡು' ಎನ್ನುವ ಪಾಲಕರದೇನೂ ತಪ್ಪಿಲ್ಲ. ಆದರೆ ಸ್ಪರ್ಧೆಗೆ ಮುನ್ನ ಒಮ್ಮೆಯಾದರೂ ಸಭಾಂಗಣದಲ್ಲೇ ನುಡಿಸಿ ನೋಡಲು ಮಕ್ಕಳಿಗೆ ಅವಕಾಶ ಮಾಡಿಕೊಡಲಿ.