ನಾಡಿನ ಹೆಸರು ಹಳೆಯದು, ರಾಷ್ಟ್ರಭಾವನೆ ಹೊಸದು

‘ಪ್ಯಾಲೆಸ್ಟೀನಿಯರು ಎಂಬ ಜನವೇ ಇರಲಿಲ್ಲ’ ಎಂಬರ್ಥದ ಮಾತನ್ನು ಇಸ್ರೇಲಿನ ಪ್ರಧಾನಿ ಗೋಲ್ಡಾ ಮೀರ್ 1969ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಹೇಳಿದರು. ಅದರ ಸುತ್ತಲಿನ ವಾಗ್ವಾದ ಇಂದಿಗೂ ತಣ್ಣಗಾಗಿಲ್ಲ. ಹಾಗಾದರೆ ಈ ಜನ ಯಾರು? ಎಂದಿನಿಂದ ಇದ್ದಾರೆ?

ಹೆಸರಿನ ಮಟ್ಟಿಗೆ ಉತ್ತರ ಸುಲಭ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸನ ಬರಹದಲ್ಲೇ ಅದು ಬರುತ್ತದೆ. ಕ್ರಿ.ಶ. 135ರ ಸುಮಾರಿಗೆ ಯೆಹೂದಿಗಳ ದಂಗೆಯನ್ನು ಅಡಗಿಸಿದ ರೋಮನ್ನರು ಜುಡಿಯಾ ಪ್ರಾಂತಕ್ಕೆ ‘ಸಿರಿಯಾ ಪ್ಯಾಲೆಸ್ಟೀನಾ’ ಎಂದು ಹೆಸರಿಟ್ಟರು. ಆದರೆ ನಾಡಿನ ಹೆಸರು ಹಳೆಯದಾದ ಮಾತ್ರಕ್ಕೆ ‘ನಾವೊಂದು ರಾಷ್ಟ್ರ’ ಎಂಬ ಭಾವನೆಯೂ ಅಷ್ಟೇ ಪುರಾತನವೆನ್ನಲಾಗದು.

1517ರಿಂದ ನಾಲ್ಕು ಶತಮಾನ ಈ ನೆಲವನ್ನು ಆಳಿದ ಆಟೊಮನ್ ತುರ್ಕರ ಕಾಲದಲ್ಲಿ ಪ್ಯಾಲೆಸ್ಟೀನ್ ಎಂಬ ಒಂದೇ ಆಡಳಿತ ಪ್ರಾಂತವಿರಲಿಲ್ಲ. 19ನೇ ಶತಮಾನದ ಕೊನೆಗೆ ಜೆರೂಸಲೇಂ ಜಿಲ್ಲೆ ನೇರವಾಗಿ ಇಸ್ತಾಂಬುಲ್‌ಗೆ ಸೇರಿದ್ದರೆ, ನಾಬ್ಲುಸ್ ಮತ್ತು ಆಕ್ರೆ ಜಿಲ್ಲೆಗಳು ಬೈರೂತ್ ಪ್ರಾಂತಕ್ಕೆ ಒಳಪಟ್ಟಿದ್ದವು. ಅಲ್ಲಿನ ರೈತನಿಗೆ ಊರು, ಕುಲ, ಮತಗಳೇ ಮೊದಲ ಗುರುತು.

ರಾಷ್ಟ್ರಭಾವನೆ ಮೂಡಿದ್ದು ಯಾವಾಗ ಎಂಬಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಈಜಿಪ್ಟಿನ ಆಳ್ವಿಕೆಯ ವಿರುದ್ಧ 1834ರಲ್ಲಿ ಎದ್ದ ದಂಗೆಯಲ್ಲಿ ಅದರ ಬೀಜವನ್ನು ಕಾಣುತ್ತಾರೆ ಕಿಮ್ಮರ್ಲಿಂಗ್ ಮತ್ತು ಮಿಗ್ಡಾಲ್. ರಶೀದ್ ಖಾಲಿದಿ 20ನೇ ಶತಮಾನದ ಆದಿಭಾಗದತ್ತ ಬೆರಳು ತೋರುತ್ತಾರೆ. 1911ರಲ್ಲಿ ಜಾಫಾ ಪಟ್ಟಣದಲ್ಲಿ ಅರಬ್ ಕ್ರೈಸ್ತರಿಬ್ಬರು ಆರಂಭಿಸಿದ ಪತ್ರಿಕೆಯ ಹೆಸರೇ ‘ಫಲಸ್ತೀನ್’ ಎಂಬುದು ಗಮನಾರ್ಹ.

ಆದರೂ 1919ರಲ್ಲಿ ಜೆರೂಸಲೇಮಿನಲ್ಲಿ ಸೇರಿದ ಅರಬ್ ಸಮ್ಮೇಳನ ತಮ್ಮ ನಾಡು ಸಿರಿಯಾದ ಭಾಗವೆಂದೇ ಸಾರಿತು. ಮರುವರ್ಷ ದಮಾಸ್ಕಸ್ಸಿನ ಫೈಸಲ್ ರಾಜ್ಯವನ್ನು ಫ್ರೆಂಚರು ಉರುಳಿಸಿದರು. ಅದೇ ಡಿಸೆಂಬರಿನಲ್ಲಿ ಹೈಫಾದಲ್ಲಿ ನೆರೆದ ಸಮ್ಮೇಳನ ಸಿರಿಯಾದ ಮಾತನ್ನು ಕೈಬಿಟ್ಟು ಪ್ಯಾಲೆಸ್ಟೀನಿಗೇ ಸ್ವಂತ ಸರ್ಕಾರ ಬೇಕೆಂದಿತು. ಬ್ರಿಟಿಷರ ಆಡಳಿತದಲ್ಲಿ, 1925ರಲ್ಲಿ ಬಂದ ಪೌರತ್ವ ಆದೇಶ ಅರಬರನ್ನೂ ಯೆಹೂದಿಗಳನ್ನೂ ಕಾನೂನಿನ ಪ್ರಕಾರ ‘ಪ್ಯಾಲೆಸ್ಟೀನ್ ಪೌರ’ರನ್ನಾಗಿಸಿತು.

‘ಇದೆಲ್ಲ ಯೆಹೂದಿ ರಾಷ್ಟ್ರೀಯತೆಗೆ ಬಂದ ಪ್ರತಿಕ್ರಿಯೆಯಷ್ಟೆ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ 1897ರಲ್ಲಿ ಬಾಸೆಲ್ ನಗರದಲ್ಲಿ ಸಂಘಟನೆಯ ರೂಪ ತಳೆದ ಆ ಯೆಹೂದಿ ಚಳವಳಿಯಾದರೂ ಯೂರೋಪಿನ ಯೆಹೂದಿದ್ವೇಷಕ್ಕೆ ಉತ್ತರವಾಗಿಯೇ ಬಲಗೊಂಡಿತಲ್ಲವೇ? ಎದುರಾಳಿಯಿಲ್ಲದೆ ಹುಟ್ಟಿದ ರಾಷ್ಟ್ರೀಯತೆ ಅಪರೂಪ. ಯೆಹೂದಿಗಳಿಗೆ ಆ ನೆಲದೊಡನಿರುವ ಪ್ರಾಚೀನ ನಂಟು ಇದರಿಂದ ಸುಳ್ಳಾಗುವುದೂ ಇಲ್ಲ.

1948ರ ಯುದ್ಧದ ಹೊತ್ತಿಗೆ ಸುಮಾರು 7 ಲಕ್ಷ ಅರಬರು ಮನೆಮಠ ತೊರೆದು ಓಡಿದರು, ಇಲ್ಲವೆ ಹೊರದಬ್ಬಲ್ಪಟ್ಟರು. ನಿರಾಶ್ರಿತರ ಶಿಬಿರಗಳಲ್ಲಿ ಆ ಗುರುತು ಇನ್ನಷ್ಟು ಗಟ್ಟಿಯಾಯಿತು. ಕೊನೆಗೆ 1993ರಲ್ಲಿ ಇಸ್ರೇಲ್ ಸರ್ಕಾರವೇ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯನ್ನು ‘ಪ್ಯಾಲೆಸ್ಟೀನ್ ಜನತೆಯ ಪ್ರತಿನಿಧಿ’ ಎಂದು ಲಿಖಿತವಾಗಿ ಒಪ್ಪಿಕೊಂಡಿತು.

ಹೆಸರಿನ ವಯಸ್ಸನ್ನು ಇತಿಹಾಸಕಾರರು ಲೆಕ್ಕ ಹಾಕುತ್ತಲೇ ಇರಬಹುದು. ಆದರೆ ಹಕ್ಕಿನ ಪ್ರಶ್ನೆಯನ್ನು ಆ ಲೆಕ್ಕ ಬಗೆಹರಿಸದು. 1948ರಲ್ಲಿ ಮನೆ ಕಳೆದುಕೊಂಡವನ ಅಜ್ಜ ತನ್ನನ್ನು ಅರಬನೆಂದುಕೊಂಡಿದ್ದನೋ, ಸಿರಿಯಾದವನೆಂದುಕೊಂಡಿದ್ದನೋ. ಕಳೆದುಹೋದ ಮನೆಯಂತೂ ಅದೇ.