ಬೇಲಿಯ ಗಿಡ, ನೆರೆಯವರ ನೆರಳು

ನಿಮ್ಮ ಮನೆ ಹಾಸನದಲ್ಲಿರಲಿ, ಸಕಲೇಶಪುರದ ಪೇಟೆಯಲ್ಲಿರಲಿ, ಊರಿನ ಕಡೆ ಒಂದಿಷ್ಟು ತೋಟವೋ ಗದ್ದೆಯೋ ಉಳಿದಿದ್ದರೆ, ಅಥವಾ ಮನೆಯ ಹಿಂದೆ ನಾಲ್ಕು ಗಿಡ ನೆಡುವಷ್ಟು ಹಿತ್ತಲಿದ್ದರೆ, ಈ ಮಾತು ನಿಮಗೆ ಸಂಬಂಧಿಸಿದ್ದು. ಮುಂಗಾರು ಹಿಡಿಯುವ ಹೊತ್ತಿಗೆ ನಮಗೆಲ್ಲ ಗಿಡ ನೆಡುವ ಉತ್ಸಾಹ ಬರುತ್ತದೆ. ನಡುವಣ ಜಾಗವನ್ನು ಕಾಫಿಗೋ ಬಾಳೆಗೋ ಹೂವಿಗೋ ಮೀಸಲಿಟ್ಟು, ಮರಗಳನ್ನು ಮಾತ್ರ ಅಂಚಿಗೆ ಒತ್ತುತ್ತೇವೆ. ಅಂಚು ಎಂದರೆ ಯಾರಿಗೂ ಬೇಡದ ಜಾಗ ಎಂದು ನಮ್ಮ ಎಣಿಕೆ. ಆದರೆ ನಮ್ಮ ಅಂಚು ನಿಲ್ಲುವ ಕಡೆಯೇ ಇನ್ನೊಬ್ಬರ ಅಂಗಳ ಮೊದಲಾಗುತ್ತದೆ. ಇಂದು ಒಂದು ಮೊಳ ಉದ್ದದ ಸಸಿ. ಹದಿನೈದು ವರ್ಷಕ್ಕೆ ಅದೇ ಒಂದು ಮೊಕದ್ದಮೆ!

ಎಲ್ಲೆಯಲ್ಲಿ ಮರ ನೆಡುವುದು ಹೊಸ ಪದ್ಧತಿಯೇನೂ ಅಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಡಿ ಗುರುತಿಸಲು ಆಲ, ಅರಳಿ, ಮುತ್ತುಗ, ಬೂರುಗ, ತಾಳೆ ಮುಂತಾದ ಮರಗಳನ್ನು ನೆಡಬೇಕೆಂದು ಹೇಳಿದೆ. ಮರ ಸತ್ತರೂ ಗುರುತು ಸಾಯದಿರಲೆಂದು ಕಲ್ಲು, ಬೂದಿ, ಇದ್ದಲು, ಬೋಕಿಯ ಚೂರುಗಳನ್ನು ನೆಲದೊಳಗೆ ಹೂಳಬೇಕೆಂದೂ ಹೇಳಿದೆ. ನಮ್ಮ ನಾಡಿನ ಹಳೆಯ ದಾನಶಾಸನಗಳಲ್ಲಿಯೂ ಭೂಮಿಯ ಮೇರೆಯನ್ನು ಹೇಳುವಾಗ ಮರ, ಹುತ್ತ, ಹಳ್ಳ, ನಟ್ಟ ಕಲ್ಲು ಇವುಗಳ ಹೆಸರು ಬರುತ್ತವೆ. ಅಂದರೆ ಎಲ್ಲೆಯ ಮರವನ್ನು ನೆಟ್ಟದ್ದು ಸಾಕ್ಷಿಗಾಗಿ. ಅದು ಜಗಳವನ್ನು ತಪ್ಪಿಸಬೇಕಾದ ಮರ. ಅದೇ ಮರ ಜಗಳಕ್ಕೆ ಕಾರಣವಾಗುವುದು ಹೇಗೆ, ಆಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ನಮ್ಮ ಸೀಮೆಯ ಸ್ವಭಾವವನ್ನು ನೆನೆಯಬೇಕು. ಬಯಲುಸೀಮೆಯಲ್ಲಿ ನೆರೆಯವನು ಎಡಕ್ಕೋ ಬಲಕ್ಕೋ ಇರುತ್ತಾನೆ. ಸಕಲೇಶಪುರ, ಆಲೂರುಗಳ ಗುಡ್ಡಗಳಲ್ಲಿ ನೆರೆಯವನು ಮೇಲಿರುತ್ತಾನೆ ಇಲ್ಲವೆ ಕೆಳಗಿರುತ್ತಾನೆ. ಗುಡ್ಡದ ಮೈಯಲ್ಲಿ ಕಾಫಿ ತೋಟ, ಕೆಳಗೆ ಗದ್ದೆ, ಅದಕ್ಕೂ ಕೆಳಗೆ ಹಳ್ಳ. ಮೇಲಿನವರು ಮಾಡಿದ್ದೆಲ್ಲವೂ ಮಳೆಗಾಲದಲ್ಲಿ ಕೆಳಗಿನವರ ಪಾಲಿಗೆ ಇಳಿದು ಬರುತ್ತದೆ. ಆದ್ದರಿಂದ ಇಲ್ಲಿ ಬೇಲಿ ಎಂದರೆ ಬರಿಯ ಗೆರೆಯಲ್ಲ. ನೀರು, ಮಣ್ಣು, ನೆರಳು, ಗಾಳಿ ಇವೆಲ್ಲ ದಾಟಿ ಹೋಗುವ ಹೊಸ್ತಿಲು.

ಈಗ ನೆರಳಿನ ಮಾತಿಗೆ ಬರೋಣ. ನಮ್ಮ ತೋಟಗಳ ಅಂಚಿನಲ್ಲಿ ಹೆಚ್ಚಾಗಿ ಕಾಣುವುದು ಸಿಲ್ವರ್ ಓಕ್. ಇದು ಆಸ್ಟ್ರೇಲಿಯದಿಂದ ಬಂದ ಮರ. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮೈಮೇಲೆ ಕರಿಮೆಣಸಿನ ಬಳ್ಳಿ ಹತ್ತಿಸಬಹುದು, ಕಡಿದರೆ ಹಣವೂ ಉಂಟು. ಹೀಗಾಗಿ ಎಲ್ಲೆಯುದ್ದಕ್ಕೂ ಸಾಲಾಗಿ ನೆಟ್ಟುಬಿಡುತ್ತೇವೆ. ಆ ಸಾಲು ಯಾವ ದಿಕ್ಕಿನಲ್ಲಿದೆ ಎಂದು ಮಾತ್ರ ನೋಡುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಸಕಲೇಶಪುರ ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಡಿಸೆಂಬರ್ ತಿಂಗಳಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ಆಗ 60 ಅಡಿ ಎತ್ತರದ ಮರದ ನೆರಳು ನಡುಹಗಲಲ್ಲಿಯೇ ಸುಮಾರು 44 ಅಡಿಯಷ್ಟು ಉತ್ತರಕ್ಕೆ ಚಾಚುತ್ತದೆ. ಬೆಳಗ್ಗೆ, ಸಂಜೆ ಇನ್ನೂ ಉದ್ದ. ಅದೇ ಮರದ ನೆರಳು ಜೂನ್ ತಿಂಗಳ ನಡುಹಗಲಲ್ಲಿ ದಕ್ಷಿಣಕ್ಕೆ ಬೀಳುವುದು ಸುಮಾರು 11 ಅಡಿ ಮಾತ್ರ. ಅದೂ ಬಿಸಿಲಿದ್ದರೆ, ನಮ್ಮಲ್ಲಿ ಜೂನ್ ತಿಂಗಳಲ್ಲಿ ಬಿಸಿಲನ್ನು ಕಂಡವರು ಯಾರು?

ಡಿಸೆಂಬರ್, ಜನವರಿ ಎಂದರೆ ನಮ್ಮಲ್ಲಿ ಏನು ಕಾಲ? ಕಾಫಿ ಕೊಯ್ಲಿನ ಕಾಲ, ಕಣದಲ್ಲಿ ಹಣ್ಣು ಹರವುವ ಕಾಲ. ಹಣ್ಣು ಸಮೇತ ಒಣಗಿಸುವ ಚೆರ್ರಿ ಕಾಫಿಗೆ ಒಳ್ಳೆಯ ಬಿಸಿಲಿನಲ್ಲಿಯೇ ಎರಡು ವಾರದ ಹತ್ತಿರ ಬೇಕು. ನಿಮ್ಮ ಜಮೀನಿನ ಉತ್ತರದ ಅಂಚಿನಲ್ಲಿ ನೀವು ಸಿಲ್ವರ್ ಓಕ್ ಸಾಲು ನೆಟ್ಟಿರಿ, ಅದರಾಚೆ ನೆರೆಯವರ ಕಣವಿದೆ ಎನ್ನಿ. ವರ್ಷದ ಹತ್ತು ತಿಂಗಳು ಅವರಿಗೆ ನಿಮ್ಮ ಮರದಿಂದ ಯಾವ ತೊಂದರೆಯೂ ಇಲ್ಲ. ಬಿಸಿಲು ಬೇಕೇಬೇಕಾದ ಎರಡು ತಿಂಗಳಲ್ಲಿ ಮಾತ್ರ ಅವರ ಕಣಕ್ಕೆ ಬಿಸಿಲಿಲ್ಲ. ಹಣ್ಣು ಸರಿಯಾಗಿ ಒಣಗದೆ ಬೂಷ್ಟು ಹಿಡಿಯುತ್ತದೆ, ಬೆಲೆ ಬೀಳುತ್ತದೆ. ನಿಮಗೆ ಇದು ತಿಳಿಯುವುದೂ ಇಲ್ಲ. ಏಕೆಂದರೆ ನಿಮ್ಮ ಕಣ ಬಿಸಿಲಿನಲ್ಲಿ ಒಣಗುತ್ತಿರುತ್ತದೆ. ನೆರೆಯವರ ಮುಖ ಏಕೆ ಗಂಟಿಕ್ಕಿದೆ ಎಂದು ನೀವು ಯೋಚಿಸುತ್ತೀರಿ, ಅಷ್ಟೆ. ಮನೆಯ ಹಿತ್ತಲಿಗೂ ಇದೇ ಲೆಕ್ಕ: ಕಣದ ಬದಲು ಹಪ್ಪಳ ಸಂಡಿಗೆ ಒಣಗಿಸುವ ಅಂಗಳ ಎಂದುಕೊಳ್ಳಿ, ಸಾಕು.

ಆದ್ದರಿಂದ ಎತ್ತರದ ಮರಕ್ಕೆ ಮೊದಲನೆಯ ನಿಯಮ: ನೆರಳಿನ ಫಲವನ್ನು ನೀವೇ ಉಣ್ಣುವ ಕಡೆ ನೆಡಿ. ದಕ್ಷಿಣದ ಅಂಚಿನಲ್ಲಿ ನೆಟ್ಟರೆ ಚಳಿಗಾಲದ ನೆರಳು ನಿಮ್ಮದೇ ಜಮೀನಿನಲ್ಲಿ ಬೀಳುತ್ತದೆ. ಉತ್ತರದಲ್ಲಿ ನೆಡಲೇಬೇಕಾದರೆ ಸಾಲನ್ನು ಒಳಗೆ ಸರಿಸಿ, ವರ್ಷವರ್ಷವೂ ಮರಗಸಿ ಮಾಡಿಸಿ.

ಆದರೆ ನೆರಳು ಯಾವಾಗಲೂ ಶತ್ರುವಲ್ಲ ಎಂಬುದನ್ನೂ ಮರೆಯಬಾರದು. ಪಶ್ಚಿಮದ ಅಂಚಿನ ಮರಗಳು ಮಧ್ಯಾಹ್ನದ ಬಿಸಿಲನ್ನೂ ಮುಂಗಾರಿನ ಗಾಳಿಯನ್ನೂ ತಡೆಯುತ್ತವೆ. ಅರೇಬಿಕಾ ಗಿಡಕ್ಕೆ ನೆರಳು ತಪ್ಪಿದರೆ ಬಿಳಿ ಕಾಂಡಕೊರಕದ ಕಾಟ ಹೆಚ್ಚುತ್ತದೆ. ಆ ದುಂಬಿಗೆ ಬಿಸಿಲು ಬಿದ್ದ ಕಾಂಡವೇ ಪ್ರಿಯ. ಹಣದ ಅಗತ್ಯ ಬಂದಿತೆಂದು ನೀವು ಒಂದೇ ಬೇಸಗೆಯಲ್ಲಿ ಅಂಚಿನ ಮರಗಳನ್ನೆಲ್ಲ ಕಡಿಸಿದರೆ, ಇಪ್ಪತ್ತು ವರ್ಷ ಆ ನೆರಳನ್ನು ನಂಬಿದ್ದ ಆಚೆಯವರ ಅರೇಬಿಕಾ ಒಮ್ಮೆಲೇ ಬಿಸಿಲಿಗೆ ಬೀಳುತ್ತದೆ. ಕಡಿಯುವುದು ನಿಮ್ಮ ಹಕ್ಕು. ಒಂದು ವರ್ಷ ಮೊದಲೇ ಹೇಳುವುದು ನೆರೆಹೊರೆಯ ಧರ್ಮ. ಹೇಳಿದರೆ ಅವರು ತಮ್ಮ ಕಡೆ ಹಾಲುವಾಣದ ಗೂಟಗಳನ್ನಾದರೂ ನೆಟ್ಟುಕೊಂಡಾರು.

ಎಷ್ಟು ದೂರದಲ್ಲಿ ನೆಡಬೇಕು ಎಂಬುದು ಮುಂದಿನ ಪ್ರಶ್ನೆ. ಫ್ರಾನ್ಸ್ ದೇಶದ ನಾಗರಿಕ ಸಂಹಿತೆಯಲ್ಲಿ ಸ್ಥಳೀಯ ನಿಯಮವಾಗಲಿ ರೂಢಿಯಾಗಲಿ ಇಲ್ಲದ ಕಡೆ, ಎರಡು ಮೀಟರಿಗಿಂತ ಎತ್ತರ ಬೆಳೆಯುವ ಮರವನ್ನು ಎಲ್ಲೆಯಿಂದ ಎರಡು ಮೀಟರ್ ಒಳಗೆ, ಗಿಡ್ಡ ಗಿಡವನ್ನು ಅರ್ಧ ಮೀಟರ್ ಒಳಗೆ ನೆಡಬೇಕೆಂದಿದೆ. ನಮಗೆ ಇನ್ನೂ ಸುಲಭವಾದ ಒಂದು ಅಳತೆ ಇದೆ. ನಿಮ್ಮ ಸ್ವಂತ ಗಿಡಕ್ಕೂ ಗಿಡಕ್ಕೂ ನಡುವೆ ಎಷ್ಟು ಅಂತರ ಬಿಡುತ್ತೀರೋ ಅದರ ಅರ್ಧವನ್ನು ಎಲ್ಲೆಯಿಂದ ಬಿಡಿ. ತೆಂಗಿಗೆ 25 ಅಡಿ ಅಂತರವಾದರೆ ಎಲ್ಲೆಯಿಂದ ಹನ್ನೆರಡೂವರೆ ಅಡಿ. ಅಡಕೆಗೆ 9 ಅಡಿಯಾದರೆ ನಾಲ್ಕೂವರೆ. ರೋಬಸ್ಟಾ ಕಾಫಿಗೆ 10 ಅಡಿಯಾದರೆ 5. ಆಚೆಯವರೂ ಹೀಗೆಯೇ ನೆಟ್ಟರೆ ಎರಡು ತೋಟಗಳೂ ಒಂದೇ ತೋಟವಾಗಿದ್ದಂತೆ ಗಿಡಗಳು ಬೆಳೆಯುತ್ತವೆ. ನಿಮ್ಮ ಗಿಡಕ್ಕೆ ನೀವು ಕೊಡುವ ಮರ್ಯಾದೆಯನ್ನೇ ನೆರೆಯವರ ಗಿಡಕ್ಕೂ ಕೊಟ್ಟಂತಾಯಿತು.

ಪೇಟೆಯ ಹಿತ್ತಲಲ್ಲಿ ಹನ್ನೆರಡು ಅಡಿ ಎಲ್ಲಿಂದ ತರೋಣ ಎಂದು ಕೇಳುತ್ತೀರಿ. ನ್ಯಾಯವೇ. ಅಂಥ ಕಡೆ ತೆಂಗು, ಹಲಸು, ಸಿಲ್ವರ್ ಓಕ್‌ಗಳ ಆಸೆ ಬಿಟ್ಟು, ಕರಿಬೇವು, ನಿಂಬೆ, ದಾಸವಾಳ, ಸೀಬೆಗಳಿಗೆ ತೃಪ್ತಿಪಡಬೇಕು. ಪಕ್ಕದ ಮನೆಯ ಹೆಂಚಿನ ಮೇಲೆ ಎಲೆ ಉದುರಿ ದೋಣಿ ಕಟ್ಟಿಕೊಂಡರೆ ಆಷಾಢದ ಮಳೆಯಲ್ಲಿ ಅವರ ನಡುಮನೆಯೇ ಸೋರುತ್ತದೆ. ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ನೀವೇ ಮಚ್ಚು ಹಿಡಿಯಬೇಡಿ. ವಿದ್ಯುತ್ ನಿಗಮದವರಿಗೆ ತಿಳಿಸಿ, ಹರಿವು ನಿಲ್ಲಿಸಿದ ಮೇಲೆಯೇ ಕತ್ತರಿಸಬೇಕು.

ಇನ್ನು ಬೇಲಿ. ಜೀವಂತ ಬೇಲಿಗೆ ನಮ್ಮಲ್ಲಿ ಹಾಲುವಾಣ, ಗೊಬ್ಬರದ ಗಿಡ, ಲಕ್ಕಿ, ಕತ್ತಾಳೆ, ದಾಸವಾಳ ಎಲ್ಲವೂ ಉಂಟು. ಇವುಗಳಲ್ಲಿ ಗೊಬ್ಬರದ ಗಿಡ ಉತ್ತಮ: ಗೂಟ ನೆಟ್ಟರೆ ಚಿಗುರುತ್ತದೆ, ಕತ್ತರಿಸಿದ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತದೆ, ಎರಡೂ ಕಡೆಯವರು ಸೊಪ್ಪು ಕೊಯ್ದುಕೊಳ್ಳಬಹುದು. ಲಂಟಾನ ಮಾತ್ರ ಬೇಡ. ಅಮೆರಿಕ ಖಂಡದಿಂದ ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ತಂದ ಆ ಗಿಡದ ಹಣ್ಣನ್ನು ಹಕ್ಕಿಗಳು ತಿಂದು ಬೀಜ ಹರಡಿ, ಅದು ಇಂದು ಕಾಡನ್ನೇ ಹೊಕ್ಕಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಕೆ?

ಬೇಲಿ ನಡೆಯುತ್ತದೆ ಎಂಬುದನ್ನೂ ಗಮನಿಸಿ. ಹಳೆಯ ಗೂಟ ಮುರಿದಾಗ ಹೊಸದನ್ನು ಒಂದು ಗೇಣು ಆಚೆ ನೆಡುತ್ತೇವೆ. ಬಿದಿರಿನ ಮೆಳೆ ತಾನಾಗಿಯೇ ಹಬ್ಬುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅದರ ಹದಿನಾರನೆಯ ಪಾಲು ಒಂದು ಆಣೆ. 330 ಅಡಿ ಉದ್ದದ ಬೇಲಿ ಎರಡೇ ಅಡಿ ಸರಿದರೂ ಸುಮಾರು 10 ಆಣೆ, ಅಂದರೆ ಅರ್ಧ ಗುಂಟೆಗಿಂತ ಮಿಗಿಲಾದ ಭೂಮಿ ಕೈಬದಲಾಗುತ್ತದೆ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಹನ್ನೆರಡು ವರ್ಷ ಎದುರಾಗಿ, ಬಹಿರಂಗವಾಗಿ ಅನುಭವಿಸಿದವನು ಅದು ತನ್ನದೇ ಎಂದು ವಾದಿಸಬಹುದು. ಆದ್ದರಿಂದ ಮೆಳೆಯೊಳಗೆ ಮುಚ್ಚಿಹೋದ ಸರ್ವೆ ಕಲ್ಲನ್ನು ವರ್ಷಕ್ಕೊಮ್ಮೆ ಬಿಡಿಸಿ ನೋಡಿ. ಹಿಂದೆ ಇಂಥ ಗುರುತುಗಳೆಲ್ಲ ಶಾನುಭೋಗರ ನೆನಪಿನಲ್ಲಿರುತ್ತಿದ್ದವು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು; ಈಗ ಸಂದೇಹವಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಭೂಮಾಪಕರಿಂದ ಅಳೆಸಬೇಕು. ಅಳತೆಯ ದಿನ ನೆರೆಯವರೂ ಇರಲಿ. ಅವರ ಬೆನ್ನ ಹಿಂದೆ ನೆಟ್ಟ ಕಲ್ಲು ಬಹಳ ಕಾಲ ನಿಲ್ಲುವುದಿಲ್ಲ.

ಕೊಂಬೆ ಆಚೆ ಚಾಚಿದರೆ ಏನು? ಇಂಗ್ಲೆಂಡಿನ ಲೆಮ್ಮನ್ ಮತ್ತು ವೆಬ್ ಎಂಬವರ ನಡುವಣ ಮೊಕದ್ದಮೆ 1895ರ ಕಾನೂನು ವರದಿಯಲ್ಲಿ ಅಚ್ಚಾಗಿದೆ. ತನ್ನ ನೆಲದ ಮೇಲೆ ಚಾಚಿದ ಕೊಂಬೆಯನ್ನು ಎಲ್ಲೆ ದಾಟಿ ಒಳಹೋಗದೆ ಕತ್ತರಿಸಬಹುದು, ಅದಕ್ಕೆ ಮುನ್ಸೂಚನೆಯೂ ಬೇಡ ಎಂದು ಅಲ್ಲಿ ತೀರ್ಪಾಯಿತು. ಆದರೆ ಕತ್ತರಿಸಿದ ಕೊಂಬೆಯೂ ಅದರ ಹಣ್ಣೂ ಮರದವರಿಗೇ ಸೇರಿದ್ದು ಎಂಬುದು ಅಲ್ಲಿನ ನ್ಯಾಯಾಲಯಗಳ ನಿಲುವು. ನಮ್ಮಲ್ಲಿ ಮರವನ್ನೇ ಕಡಿಯುವ ಮಾತು ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದ್ದರೂ ಕಾಡುಮರಗಳಿಗೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಬೀಟೆ, ಶ್ರೀಗಂಧಗಳಿಗೆ ಬೇರೆಯೇ ನಿಯಮಗಳು. ಕಾನೂನು ಮುನ್ಸೂಚನೆ ಬೇಡವೆಂದರೂ, ನಾಳೆ ಮುಖ ನೋಡಬೇಕಾದವರಿಗೆ ಒಂದು ಮಾತು ಹೇಳದೆ ಮಚ್ಚು ಬೀಸುವುದು ಜಾಣತನವಲ್ಲ.

ನೀರಿನ ವಿಷಯ ಇದಕ್ಕಿಂತ ಸೂಕ್ಷ್ಮ. ಮೇಲಿನ ನೆಲದಲ್ಲಿ ಬಿದ್ದ ಮಳೆ ಸಹಜವಾಗಿ ಹರಿದು ಬಂದರೆ ಕೆಳಗಿನವರು ಅದಕ್ಕೆ ಎಡೆಗೊಡಬೇಕು ಎಂದು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆ ಹೇಳುತ್ತದೆ. ‘ಸಹಜವಾಗಿ’ ಎಂಬ ಮಾತನ್ನು ಗಮನಿಸಿ. ಎಲ್ಲೆಯುದ್ದಕ್ಕೂ ಅಗಳು ತೆಗೆದು, ಇಡೀ ಗುಡ್ಡದ ನೀರನ್ನು ಒಟ್ಟುಗೂಡಿಸಿ, ಒಂದೇ ಮೂಲೆಯಿಂದ ಕೆಳಗಿನವರ ಗದ್ದೆಗೆ ಬಿಡುವುದು ಸಹಜವಲ್ಲ. ಆ ನೀರು ಏರಿ ಒಡೆಯುತ್ತದೆ, ನಾಟಿಯ ಮೇಲೆ ಮಣ್ಣು ತುಂಬುತ್ತದೆ. 2018ರ ಆಗಸ್ಟ್ ತಿಂಗಳ ಮಳೆಗೆ ಸಕಲೇಶಪುರ–ಸುಬ್ರಹ್ಮಣ್ಯ ನಡುವಣ ಘಟ್ಟದ ರೈಲುಮಾರ್ಗದ ಮೇಲೆ ಗುಡ್ಡ ಜರಿದದ್ದನ್ನು ನೀವು ಬಲ್ಲಿರಿ. ತುಂಬಿದ ಮಣ್ಣು ನೀರು ಕುಡಿದು ಸಡಿಲವಾದಾಗ ಸಣ್ಣ ಅಗಳೂ ದೊಡ್ಡ ಅನಾಹುತಕ್ಕೆ ದಾರಿಯಾದೀತು. ಉದ್ದದ ಅಗಳಿಗೆ ಬದಲಾಗಿ ಕಾಫಿ ಸಾಲುಗಳ ನಡುವೆ ತೊಟ್ಟಿಲುಗುಂಡಿಗಳನ್ನು ತೆಗೆದರೆ ನೀರು ಅಲ್ಲಲ್ಲೇ ಇಂಗುತ್ತದೆ. ಹೆಚ್ಚಿನದನ್ನು ಹಳ್ಳಕ್ಕೆ ಸೇರಿಸುವ ಬಸಿಗಾಲುವೆಯ ದಾರಿಯನ್ನು ಕೆಳಗಿನವರನ್ನು ಕೇಳಿಯೇ ಗೊತ್ತುಮಾಡಿ.

ಕೊನೆಯದಾಗಿ, ನಮ್ಮ ಸೀಮೆಗೇ ವಿಶೇಷವಾದ ನೆರೆಯವರೊಬ್ಬರಿದ್ದಾರೆ: ಆನೆ. 2013–14ರಲ್ಲಿ ಆಲೂರು, ಸಕಲೇಶಪುರಗಳ ಕಡೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಆನೆಗಳ ಓಡಾಟ ನಿಲ್ಲಲಿಲ್ಲ. ಹಲಸು, ಬಾಳೆ, ಬೈನೆ ಇವು ಆನೆಗೆ ಅಚ್ಚುಮೆಚ್ಚು. ಅವನ್ನು ಎಲ್ಲೆಯಲ್ಲಿ, ನೆರೆಯವರ ಮನೆಗೋ ಕೂಲಿಯವರ ಲೈನಿಗೋ ಹತ್ತಿರ ಬೆಳೆಸಿದರೆ ಆನೆಗೆ ಅವರ ಅಂಗಳದ ದಾರಿಯನ್ನು ನೀವೇ ತೋರಿಸಿದಂತೆ. ಒಬ್ಬರೇ ಸೌರಬೇಲಿ ಹಾಕಿಕೊಂಡರೆ ಆನೆ ಪಕ್ಕದವರ ಗದ್ದೆಗೆ ತಿರುಗುತ್ತದೆ. ನಾಲ್ಕಾರು ಮನೆಯವರು ಕೂಡಿ ಯೋಚಿಸಿದರೆ ಮಾತ್ರ ಬೇಲಿಗೆ ಅರ್ಥ. ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದಂತೂ ಅಪರಾಧ. ಅದು ಆನೆಯನ್ನೂ ಕೊಲ್ಲುತ್ತದೆ, ಬೆಳಗಿನ ಜಾವ ಹಾಲು ತರುವ ಹುಡುಗನನ್ನೂ ಕೊಲ್ಲುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಮಾಡಬೇಕಾದ್ದೇನು? ಮೇ ತಿಂಗಳಲ್ಲಿ, ಗುಂಡಿ ತೆಗೆಯುವ ಮೊದಲು, ಒಂದು ಸಂಜೆ ನೆರೆಯವರನ್ನು ಕರೆದು ಎಲ್ಲೆಯುದ್ದಕ್ಕೂ ಜೊತೆಯಾಗಿ ನಡೆಯಿರಿ. ಕಲ್ಲುಗಳನ್ನು ನೋಡಿ. ಎಲ್ಲಿ ಏನು ನೆಡುತ್ತೀರಿ ಎಂದು ಹೇಳಿ, ಅವರ ಕಣ ಎಲ್ಲಿ, ನೀರಿನ ದಾರಿ ಎಲ್ಲಿ ಎಂದು ಕೇಳಿ. ಸರಿಯಾಗಿ ಗೆರೆಯ ಮೇಲೆಯೇ ಮರವಿದ್ದರೆ, ಅದರ ಮೆಣಸು ಒಂದು ವರ್ಷ ಇವರಿಗೆ, ಒಂದು ವರ್ಷ ಅವರಿಗೆ ಎಂದು ಒಂದು ಕಾಗದದಲ್ಲಿ ಬರೆದು ಇಬ್ಬರೂ ರುಜು ಹಾಕಿ. ಮಾತು ಮಕ್ಕಳ ಕಾಲಕ್ಕೆ ಮರೆತುಹೋಗುತ್ತದೆ. ಕಾಗದ ಉಳಿಯುತ್ತದೆ, ಮರವೂ ಉಳಿಯುತ್ತದೆ. ಆಮೇಲೆ ಮನೆಗೆ ಕರೆದು ಒಂದು ಲೋಟ ಕಾಫಿ ಕೊಡಿ. ಎರಡೂ ಕಡೆಯವರು ಒಪ್ಪಿ ನೆಟ್ಟ ಗಿಡಕ್ಕೆ ಕಾವಲು ಬೇಕಾಗುವುದಿಲ್ಲ. ನೀವು ಪೇಟೆಯಲ್ಲಿರುವಾಗ ಅದಕ್ಕೆ ದನ ಬಾಯಿ ಹಾಕಿದರೆ ಅಟ್ಟುವವರು ಆಚೆಯ ಮನೆಯವರೇ.